ಎನ್4 ಪಾಸಾದರೂ ಜಪಾನೀಸ್ ಬಾಯಿಗೆ ಬರುತ್ತಿಲ್ಲ: ಸಂಭಾಷಣೆ ಕ್ಲಾಸ್ ಆರಿಸುವುದು ಹೇಗೆ?

ಕ್ಯೂಸಿ_ಬಿಡದಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಿಡದಿ ಕಡೆ ವಾಹನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಗುಣಮಟ್ಟ ವಿಭಾಗದ ಕೆಲಸ. ಡಿಸೆಂಬರಿನ ಜೆಎಲ್‌ಪಿಟಿಯಲ್ಲಿ (ಜಪಾನೀಸ್ ಭಾಷಾ ಸಾಮರ್ಥ್ಯ ಪರೀಕ್ಷೆ; ಎನ್5 ಅತಿ ಸುಲಭದ ಹಂತ, ಎನ್1 ಅತಿ ಕಷ್ಟದ್ದು) ಎನ್4 ಪಾಸಾಗಿದೆ, ಆಲಿಸುವ ಭಾಗದಲ್ಲೂ ಒಳ್ಳೆಯ ಅಂಕ ಬಂದಿದೆ. ಆದರೆ ಜಪಾನಿನ ಕಚೇರಿ ಜೊತೆಗಿನ ವಾರದ ಕಾಲ್‌ನಲ್ಲಿ ಅವರು ಹೇಳಿದ್ದು ಅರ್ಥವಾದರೂ, ನಾನು ವಾಕ್ಯ ಕಟ್ಟುವಷ್ಟರಲ್ಲಿ ಮಾತು ಮುಂದಿನ ವಿಷಯಕ್ಕೆ ಹೋಗಿರುತ್ತದೆ. ಕೊನೆಗೆ ದುಭಾಷಿಯೇ ಎಲ್ಲವನ್ನೂ ಮಾತಾಡಬೇಕಾಗುತ್ತದೆ.

ಮುಂದೆ ಮೂರು ದಾರಿ ಇವೆ. ಬೆಂಗಳೂರಿನಲ್ಲಿ ಶನಿವಾರ, ಭಾನುವಾರದ "ಕೈವ" (ಸಂಭಾಷಣೆ) ಬ್ಯಾಚ್: 90 ನಿಮಿಷ, 12 ಜನ. ಇಲ್ಲವೇ ಜಪಾನಿನಲ್ಲಿರುವ ಶಿಕ್ಷಕರ ಹತ್ತಿರ ಆನ್‌ಲೈನಿನಲ್ಲಿ ಒಬ್ಬರೇ ಕಲಿಯುವುದು. ಇಲ್ಲವೇ ಸಂಬಳವಿಲ್ಲದ ರಜೆ ಹಾಕಿ ಮೂರು ತಿಂಗಳು ಜಪಾನಿಗೇ ಹೋಗಿ ಅಲ್ಲಿನ ಭಾಷಾ ಶಾಲೆ ಸೇರುವುದು.

ಎಲ್ಲ ಶಾಲೆಯವರೂ "ನಮ್ಮಲ್ಲಿ ಮಾತಿಗೇ ಒತ್ತು" ಅನ್ನುತ್ತಾರೆ. ಡೆಮೊ ಕ್ಲಾಸಿನಲ್ಲಿ ಕೂತು ಅದು ನಿಜವೋ ಅಲ್ಲವೋ ಅಂತ ತಿಳಿಯುವುದು ಹೇಗೆ? ಮೊದಲು ಎನ್3 ಮುಗಿಸಿಕೊಂಡು ಆಮೇಲೆ ಮಾತಿಗೆ ಇಳಿಯಬೇಕೇ? ಕನ್ನಡ ಮನೆಮಾತಾಗಿರುವುದರಿಂದ ಏನಾದರೂ ಅನುಕೂಲ ಇದೆಯೇ?

---

ಕೈವ_ಮೇಷ್ಟ್ರು ಉತ್ತರ:

ಮೊದಲು ಒಂದು ವಿಷಯ. ಜೆಎಲ್‌ಪಿಟಿಯಲ್ಲಿ ಎನ್5ರಿಂದ ಎನ್1ರವರೆಗೆ ಯಾವ ಹಂತದಲ್ಲೂ ಮಾತಾಡುವ ಪರೀಕ್ಷೆ ಇಲ್ಲ, ಸ್ವಂತವಾಗಿ ಬರೆಯುವ ಪರೀಕ್ಷೆಯೂ ಇಲ್ಲ. ಎನ್4ಕ್ಕೆ 180ರಲ್ಲಿ 90 ಬರಬೇಕು, ಅದರೊಳಗೆ ಆಲಿಸುವ ಭಾಗದಲ್ಲಿ 60ಕ್ಕೆ ಕನಿಷ್ಠ 19. ಎಲ್ಲವೂ ಸರಿ ಉತ್ತರವನ್ನು ಗುರುತಿಸುವ ಕೆಲಸ. ಗುರುತಿಸುವುದಕ್ಕೂ ಎರಡು ಸೆಕೆಂಡಿನೊಳಗೆ ಬಾಯಿಂದ ಹೊರಡಿಸುವುದಕ್ಕೂ ಬೇರೆ ಬೇರೆ ಅಭ್ಯಾಸ ಬೇಕು. ಹಾಗಾಗಿ ನಿಮಗೆ ಆಗುತ್ತಿರುವುದು ವಿಚಿತ್ರವೇನಲ್ಲ, ನೀವು ಪಡೆದ ತರಬೇತಿಯ ನೇರ ಫಲ ಅದು.

ಡೆಮೊ ಕ್ಲಾಸಿಗೆ ಹೋದಾಗ ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಳ್ಳಿ. ಯಾರಾದರೂ ಒಬ್ಬ ವಿದ್ಯಾರ್ಥಿಯನ್ನು ಆರಿಸಿಕೊಂಡು ಆತ ಅಥವಾ ಆಕೆ ಬಾಯಿ ಬಿಟ್ಟಾಗಲೆಲ್ಲ ಒತ್ತಿ, ನಿಲ್ಲಿಸಿದಾಗ ಮತ್ತೆ ಒತ್ತಿ. ಲೆಕ್ಕ ಸರಳ: 90 ನಿಮಿಷದಲ್ಲಿ ಶಿಕ್ಷಕರು ಅರ್ಧ ಮಾತಾಡಿದರೆ ಉಳಿಯುವುದು 45. ಹನ್ನೆರಡು ಜನ ಸರದಿಯಲ್ಲಿ ಮಾತಾಡಿದರೆ ಒಬ್ಬೊಬ್ಬರಿಗೆ ನಾಲ್ಕು ನಿಮಿಷವೂ ಸಿಗುವುದಿಲ್ಲ. ಅದೇ 45 ನಿಮಿಷದಲ್ಲಿ 30 ನಿಮಿಷ ಜೋಡಿ ಕೆಲಸಕ್ಕೆ ಕೊಟ್ಟರೆ ಒಬ್ಬೊಬ್ಬರಿಗೆ 15 ನಿಮಿಷ. ಅಂದರೆ ಬ್ಯಾಚಿನ ಗಾತ್ರಕ್ಕಿಂತ ಜೋಡಿ ಕೆಲಸ ಎಷ್ಟು ಹೊತ್ತು ನಡೆಯುತ್ತದೆ ಎನ್ನುವುದೇ ಹೆಚ್ಚು ಮುಖ್ಯ. ನೀವು ಗಮನಿಸಿದ ವಿದ್ಯಾರ್ಥಿಗೆ 10 ನಿಮಿಷಕ್ಕಿಂತ ಕಡಿಮೆ ಸಿಕ್ಕಿದ್ದರೆ, ಆ ಶಾಲೆಯವರು ಏನೇ ಹೇಳಲಿ, ಅದು ಸಂಭಾಷಣೆ ಕ್ಲಾಸ್ ಅಲ್ಲ.

ಆಮೇಲೆ ಪಾಠದ ಹಂತಗಳನ್ನು ನೋಡಿ. ಜಪಾನೀಸನ್ನು ಜಪಾನೀಸಿನಲ್ಲೇ ಕಲಿಸುವ ನೇರ ಪದ್ಧತಿಯಲ್ಲಿ ಸಾಮಾನ್ಯವಾಗಿ ಮೊದಲು ಚಿತ್ರ ಅಥವಾ ಸನ್ನಿವೇಶದ ಮೂಲಕ ಹೊಸ ವಾಕ್ಯರಚನೆಯ ಪರಿಚಯ, ನಂತರ ಪದ ಬದಲಿಸಿ ಬದಲಿಸಿ ಹೇಳಿಸುವ ಡ್ರಿಲ್, ನಂತರ ಪಾತ್ರ ಹಂಚಿಕೊಂಡು ಮಾತು. ಬಹಳ ಕ್ಲಾಸುಗಳು ಎರಡನೇ ಹಂತದಲ್ಲೇ ನಿಂತುಬಿಡುತ್ತವೆ. ಡ್ರಿಲ್‌ನಲ್ಲಿ ಗಲಾಟೆ ಜೋರಾಗಿರುತ್ತದೆ, ಎಲ್ಲರೂ ಬಾಯಿ ಆಡಿಸುತ್ತಿರುತ್ತಾರೆ, ಆದ್ದರಿಂದ ನೋಡುವವರಿಗೆ ಇದೇ ಮಾತಿನ ಅಭ್ಯಾಸ ಅನ್ನಿಸುತ್ತದೆ. ಅಲ್ಲ. ಮುಂದೇನು ಹೇಳಬೇಕೆಂದು ಆರಿಸಿಕೊಳ್ಳುವ ಕೆಲಸ ಅಲ್ಲಿ ವಿದ್ಯಾರ್ಥಿಗೆ ಇಲ್ಲವೇ ಇಲ್ಲ.

ಮೂರನೇ ಹಂತ ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ತಿಳಿಯಲು ಮೇಜಿನ ಮೇಲೆ ಕಣ್ಣು ಹಾಯಿಸಿ. ಇಬ್ಬರ ಮುಂದೆಯೂ ಪುಸ್ತಕದ ಒಂದೇ ಪುಟ ತೆರೆದಿದ್ದರೆ ಅವರು ಓದುತ್ತಿದ್ದಾರೆ. ಇಬ್ಬರ ಕೈಯಲ್ಲಿ ಬೇರೆ ಬೇರೆ ಚೀಟಿ ಇರಬೇಕು. ಒಬ್ಬರ ಚೀಟಿ: "ನಾಳೆ ಕಳಿಸಬೇಕಿದ್ದ ಸ್ಯಾಂಪಲ್ ಎರಡು ದಿನ ತಡ. ಕಾರಣ ಹೇಳಿ, ಹೊಸ ದಿನಾಂಕ ಒಪ್ಪಿಸಿ." ಇನ್ನೊಬ್ಬರದು: "ಗ್ರಾಹಕರಿಗೆ ಶುಕ್ರವಾರ ಬೆಳಿಗ್ಗೆ ಬೇಕೇ ಬೇಕು. ಅರ್ಧದಷ್ಟಾದರೂ ಮೊದಲು ಬರುವಂತೆ ಕೇಳಿ." ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದಾಗ ಮಾತ್ರ ಕೇಳಲೇಬೇಕಾದ, ಹೇಳಲೇಬೇಕಾದ ಅಗತ್ಯ ಹುಟ್ಟುತ್ತದೆ. ಒಳ್ಳೆಯ ಶಿಕ್ಷಕರು ಇದನ್ನು ಮೂರು ಸುತ್ತು ಮಾಡಿಸುತ್ತಾರೆ: ಚೀಟಿ ನೋಡಿಕೊಂಡು, ಚೀಟಿ ಮಗುಚಿಟ್ಟು, ಆಮೇಲೆ ಜೋಡಿ ಬದಲಿಸಿ. ಮೂರನೇ ಸುತ್ತಿನಲ್ಲಿ ತಡವರಿಕೆ ಕಡಿಮೆಯಾಗುವುದು ಕಿವಿಗೇ ಗೊತ್ತಾಗುತ್ತದೆ.

ತಿದ್ದುವ ರೀತಿಯನ್ನೂ ನೋಡಿ. ಡ್ರಿಲ್ ನಡೆಯುವಾಗ ತಕ್ಷಣ ತಿದ್ದಬೇಕು. ಪಾತ್ರದ ಮಾತಿನ ನಡುವೆ ಬಾಯಿ ಹಾಕಬಾರದು, ಕಾಗದದಲ್ಲಿ ಗುರುತು ಹಾಕಿಕೊಂಡು ಕೊನೆಯಲ್ಲಿ ಹೆಸರು ಹೇಳದೆ ಬೋರ್ಡಿನ ಮೇಲೆ ಬರೆಯಬೇಕು. ತುಂಬ ಕಡೆ ನಡೆಯುವ ತಪ್ಪು ಯಾವುದೆಂದರೆ, ವಿದ್ಯಾರ್ಥಿ ತಪ್ಪು ಹೇಳಿದಾಗ ಶಿಕ್ಷಕರು ಅದನ್ನೇ ಸರಿಯಾಗಿ ಮರುನುಡಿಯುತ್ತಾರೆ, ವಿದ್ಯಾರ್ಥಿ "ಹೈ" (ಹೌದು) ಎಂದು ಮುಂದೆ ಹೋಗುತ್ತಾನೆ. ತನ್ನನ್ನು ತಿದ್ದಿದರು ಅಂತ ಅವನಿಗೆ ಗೊತ್ತೇ ಆಗಿರುವುದಿಲ್ಲ. ಸರಿಯಾದ ವಾಕ್ಯವನ್ನು ಅವನ ಬಾಯಿಂದಲೇ ಪೂರ್ತಿ ಇನ್ನೊಮ್ಮೆ ಹೇಳಿಸುವವರು ಒಳ್ಳೆಯ ಶಿಕ್ಷಕರು.

ಶುಲ್ಕ ಕಟ್ಟುವ ಮೊದಲು ಕಚೇರಿಯಲ್ಲಿ ಇಷ್ಟು ಕೇಳಿ: ಬ್ಯಾಚಿಗೆ ಗರಿಷ್ಠ ಎಷ್ಟು ಜನ, ನಡುವೆ ಹೊಸಬರನ್ನು ಸೇರಿಸುತ್ತೀರಾ, ಯಾವ ಹಂತ ಎಂದು ನಿರ್ಧರಿಸಲು ಮಾತಾಡಿಸಿ ನೋಡುತ್ತೀರಾ ಅಥವಾ ಬರೆಯುವ ಪರೀಕ್ಷೆಯೇ? ಬರವಣಿಗೆ ನೋಡಿ ಸಂಭಾಷಣೆ ಬ್ಯಾಚಿಗೆ ಹಾಕುವ ಕಡೆ ಸೇರಬೇಡಿ. ಎನ್3 ಕಾಗದ ಇರುವ ಮೌನಿಯೂ ಎನ್5 ಇಲ್ಲದೆಯೇ ಹರಟುವವರೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ, ಇಬ್ಬರಿಗೂ ನಷ್ಟ.

ಎನ್3ಕ್ಕಾಗಿ ಕಾಯಬೇಡಿ. ಎನ್4ರ ವ್ಯಾಕರಣದಲ್ಲೇ ವಾರದ ಕಾಲ್ ನಡೆಸುವಷ್ಟು ಸರಕು ಇದೆ.

---

ಗೆಂಬಾ_ದುಭಾಷಿ ಉತ್ತರ:

ಮೇಷ್ಟ್ರು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ, ಕೊನೇ ಮಾತಿಗೆ ಬಿಟ್ಟು. ಮಾತಿನ ಕ್ಲಾಸ್ ಈಗಲೇ ಶುರು ಮಾಡಿ, ಆದ್ರೆ ಎನ್3 ಪದಗಳನ್ನ ಪಕ್ಕದಲ್ಲಿ ಓದ್ತಾನೇ ಇರಿ. ದೋಷದ ವರದಿ, ಅಳತೆ, ಕಾರಣ ಹುಡುಕೋದು, ಇವುಗಳ ಪದ ಎನ್4 ಪಟ್ಟಿಯಲ್ಲಿ ಸಿಗಲ್ಲ. ನಿಮ್ಮ ಲೈನಿನ 100 ಪದಗಳ ಪಟ್ಟಿಯನ್ನ ನೀವೇ ಮಾಡ್ಕೊಳ್ಳಿ. ಯಾವ ಶಾಲೆಯೂ ಮಾಡಿಕೊಡಲ್ಲ.

ಕಾರ್ಖಾನೆ ಕಾಲ್‌ನಲ್ಲಿ ಕನ್ನಡದವರು ಎಲ್ಲಿ ಎಡವ್ತಾರೆ ಅಂತ ಹೇಳ್ತೀನಿ.

ಮೊದಲನೇದು ಹೂಂಗುಟ್ಟೋದು. ಜಪಾನಿನವರು ಮಾತಾಡುವಾಗ ಕೇಳೋರು ನಡುನಡುವೆ "ಹೈ", "ಎಎ", "ಸೋ ದೆಸ್ ಕ" ಅಂತಿರಬೇಕು. ಸುಮ್ಮನೆ ಗಮನ ಕೊಟ್ಟು ಕೇಳ್ತಾ ಕೂತ್ರೆ ಲೈನ್ ಕಟ್ ಆಯ್ತು ಅಂದ್ಕೊಂಡು "ಮೊಶಿಮೊಶಿ?" (ಹಲೋ?) ಅಂತಾರೆ. ನಮಗೆ ಹೂಂಗುಟ್ಟೋದು ಹೊಸದಲ್ಲ, ಆದ್ರೆ ಅಪಾಯ ಅಲ್ಲೇ ಇದೆ: ನಮ್ಮ "ಹೂಂ" ಅವರ ಕಿವಿಗೆ "ಉನ್" ಅಂತ ಬೀಳುತ್ತೆ. "ಉನ್" ಗೆಳೆಯರ ನಡುವೆ ಮಾತ್ರ. ಗ್ರಾಹಕರ ಮುಂದೆ, ಮೇಲಧಿಕಾರಿ ಮುಂದೆ ಅದು ಒರಟು. ಬಾಯಿ ಮುಚ್ಚಿ ಮೂಗಿನಿಂದ ಹೊರಡೋ ಆ ಶಬ್ದವನ್ನ ಪೂರ್ತಿ ಬಿಟ್ಟು "ಹೈ" ಅಭ್ಯಾಸ ಮಾಡಿ. ಇನ್ನೊಂದು, ಆ "ಹೈ" ಅಂದ್ರೆ "ಕೇಳಿಸ್ತಿದೆ" ಅಂತ, "ಒಪ್ಪಿದೆ" ಅಂತಲ್ಲ. ಅವರು ಹತ್ತು ಸಲ "ಹೈ" ಅಂದ್ರು ಅಂತ ಬೆಲೆ ಒಪ್ಪಿದ್ರು ಅಂದ್ಕೋಬೇಡಿ.

ಎರಡನೇದು ತಾರೀಕು. 4ನೇ ತಾರೀಕು "ಯೊಕ್ಕ", 8ನೇ ತಾರೀಕು "ಯೋಕ". ಒಂದರಲ್ಲಿ ಒತ್ತು, ಇನ್ನೊಂದರಲ್ಲಿ ದೀರ್ಘ. ಸರಕು ಕಳಿಸೋ ದಿನಾಂಕದಲ್ಲಿ ಇದು ಅದಲು ಬದಲಾದ್ರೆ ನಾಲ್ಕು ದಿನ ಲೈನ್ ನಿಲ್ಲುತ್ತೆ. ಕನ್ನಡದಲ್ಲಿ ಹ್ರಸ್ವ, ದೀರ್ಘ, ಒತ್ತು ಮೂರೂ ಇರೋದ್ರಿಂದ ನಮ್ಮ ಕಿವಿಗೆ ಇದು ಸ್ಪಷ್ಟ, ಆದ್ರೆ ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಂಡು ಕಲಿತೋರ ಬಾಯಲ್ಲಿ ಎರಡೂ ಒಂದೇ ಆಗಿಬಿಟ್ಟಿರುತ್ತೆ. ಫೋನಿನಲ್ಲಿ 7ಕ್ಕೆ "ಶಿಚಿ" ಅನ್ನೋ ಬದಲು "ನನ" ಅನ್ನಿ, "ಇಚಿ" ಜೊತೆ ಕಲೆಸಿಹೋಗಲ್ಲ. ದಿನಾಂಕ ಹೇಳಿದ ಮೇಲೆ ವಾರದ ಹೆಸರನ್ನೂ ಸೇರಿಸಿ ಹೇಳಿ.

ಮೂರನೇದು ದೊಡ್ಡ ಸಂಖ್ಯೆ. ಅವರು ಹತ್ತು ಸಾವಿರದ ಗುಂಪಿನಲ್ಲಿ ಎಣಿಸ್ತಾರೆ. ಇಂಗ್ಲಿಷಿನ ಮಿಲಿಯನ್ ಮೂಲಕ ಹೋದ್ರೆ ತಲೆ ಗಿರ್ರನ್ನುತ್ತೆ. ನೇರವಾಗಿ ಹೀಗೆ ಬಾಯಿಪಾಠ ಮಾಡಿ: 1 ಲಕ್ಷ "ಜೂಮನ್", 10 ಲಕ್ಷ "ಹ್ಯಕುಮನ್", 1 ಕೋಟಿ "ಇಸ್ಸೆನ್‌ಮನ್", 10 ಕೋಟಿ "ಇಚಿ-ಒಕು". ನಾಲ್ಕು ಗೊತ್ತಿದ್ರೆ ನಡುವಿನದೆಲ್ಲ ತಾನೇ ಬರುತ್ತೆ.

ನಾಲ್ಕನೇದು ಮರ್ಯಾದೆ. ಇದು ಅತಿ ಕಷ್ಟ, ಯಾಕಂದ್ರೆ ನಮ್ಮ ಸಂಸ್ಕಾರಕ್ಕೇ ಉಲ್ಟಾ. ಹೊರಗಿನ ಕಂಪನಿಯವರು ಫೋನ್ ಮಾಡಿ ನಿಮ್ಮ ಮ್ಯಾನೇಜರ್ ಯಮದ ಅವರನ್ನ ಕೇಳಿದ್ರು ಅಂದ್ಕೊಳ್ಳಿ. ಕನ್ನಡದ ಮನಸ್ಸು "ಸರ್ ಇಲ್ಲ" ಅಂತ ಗೌರವ ಕೊಟ್ಟು ಹೇಳುತ್ತೆ, ಅದನ್ನೇ ಜಪಾನೀಸ್ ಮಾಡಿದ್ರೆ "ಯಮದ-ಸನ್ ವ ಇರಶ್ಶೈಮಸೆನ್" ಆಗುತ್ತೆ ("ಸನ್" ಅಂದ್ರೆ ನಮ್ಮ "ಅವರು", ಕ್ರಿಯಾಪದವೂ ಗೌರವದ್ದು). ತಪ್ಪು. ಹೊರಗಿನೋರ ಮುಂದೆ ನಮ್ಮ ಕಡೆಯೋರು, ಎಷ್ಟೇ ಹಿರಿಯರಾಗಿರ್ಲಿ, ಬರೀ ಹೆಸರು, ವಿನಯದ ಕ್ರಿಯಾಪದ: "ಯಮದ ವ ತದೈಮ ಸೆಕಿ ಒ ಹಜುಶಿತೆ ಒರಿಮಸ್." ಅಂದ್ರೆ ಈಗ ಸೀಟಿನಲ್ಲಿಲ್ಲ. ಕಚೇರಿ ಒಳಗೆ ಅದೇ ಮನುಷ್ಯರು ಮತ್ತೆ "ಯಮದ-ಸನ್". ಮನೆಯವರ ವಿಷಯದಲ್ಲೂ ಇದೇ: ಇನ್ನೊಬ್ಬರ ತಾಯಿ "ಒಕಾಸನ್", ನನ್ನ ತಾಯಿ ಬಗ್ಗೆ ಹೊರಗೆ ಹೇಳುವಾಗ "ಹಹ". ನೀವು ಸೇರೋ ಕ್ಲಾಸಿನಲ್ಲಿ ಈ ಒಳಗೆ–ಹೊರಗೆ ವ್ಯತ್ಯಾಸವನ್ನ ಪಾತ್ರ ಹಂಚಿ ಮಾಡಿಸ್ತಾರಾ ಕೇಳಿ. ಕೋಷ್ಟಕ ಬರೆಸಿ ಬಾಯಿಪಾಠ ಮಾಡಿಸಿದ್ರೆ ಫೋನ್ ಬಂದಾಗ ನೆನಪಿಗೆ ಬರಲ್ಲ.

"ನೀವು" ಅನ್ನೋಕೆ "ಅನತ" ಬಳಸ್ಬೇಡಿ. ಹೆಸರು ಹೇಳಿ "ಸನ್" ಸೇರಿಸಿ, ಅಷ್ಟೇ.

ಕಾಲ್‌ಗೆ ಈ ಮೂರು ವಾಕ್ಯ ನಿದ್ದೆಯಲ್ಲೂ ಬರಬೇಕು: "ಮೋ ಇಚಿದೊ ಒನೆಗೈ ಶಿಮಸ್" (ಇನ್ನೊಮ್ಮೆ ಹೇಳಿ), "ಶೋಶೋ ಒಮಚಿ ಕುದಸೈ" (ಸ್ವಲ್ಪ ತಾಳಿ), "ಕಕುನಿನ್ ಶಿಮಸ್" (ಖಚಿತಪಡಿಸಿಕೊಳ್ತೀನಿ). ವಾಕ್ಯ ಕಟ್ಟೋಕೆ ಸಮಯ ಬೇಕಾದಾಗ ಸುಮ್ಮನಿರೋ ಬದಲು "ಸೋ ದೆಸ್ ನೇ..." ಅಂತ ಎಳೀರಿ. ನಿಮ್ಮ ಸರದಿ ನಿಮ್ಮ ಹತ್ರಾನೇ ಉಳಿಯುತ್ತೆ. ನೀವು ಬರೆದಿರೋದು ನೋಡಿದ್ರೆ ನಿಮ್ಮ ಸಮಸ್ಯೆಯ ಅರ್ಧ ಭಾಗ ಇಲ್ಲೇ ಇದೆ.

---

ಕ್ಯೂಸಿ_ಬಿಡದಿ:

ಇಬ್ಬರಿಗೂ ಧನ್ಯವಾದ. ಸರದಿ ಉಳಿಸಿಕೊಳ್ಳುವ ವಿಷಯ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಎರಡು ಸಂದೇಹ. ವಾಕ್ಯವನ್ನು ಇಂಗ್ಲಿಷಿನಲ್ಲಿ ಯೋಚಿಸಿ ಜಪಾನೀಸಿಗೆ ತರುವ ಅಭ್ಯಾಸ ಆಗಿಬಿಟ್ಟಿದೆ, ಕನ್ನಡದಿಂದ ತಂದರೆ ಬೇಗ ಆಗುತ್ತದೆಯೇ? ಜಪಾನಿನ ಮೂರು ತಿಂಗಳ ಬಗ್ಗೆ ಯಾರಿಗಾದರೂ ಗೊತ್ತಿದೆಯೇ?

---

ಧಾರವಾಡ_ನಿಹೊಂಗೊ ಉತ್ತರ:

ಆಗ್ತದ್ರೀ, ಖಂಡಿತ ಆಗ್ತದ. ಅಮೆರಿಕದ ವಿದೇಶಾಂಗ ಇಲಾಖೆಯ ಭಾಷಾ ಸಂಸ್ಥೆಯವರು ಇಂಗ್ಲಿಷ್ ಮಂದಿಗೆ ಜಪಾನೀಸ್ ಕಲಿಯಾಕ 2200 ತಾಸಿನ ಕ್ಲಾಸ್ ಬೇಕು ಅಂತ ಲೆಕ್ಕ ಹಾಕ್ಯಾರ. ಆ ಲೆಕ್ಕ ಅವರಿಗೆ. ಕ್ರಿಯಾಪದ ಕೊನಿಗೆ ಬರೂದು, ವಿಭಕ್ತಿ ನಾಮಪದದ ಹಿಂದ ಹತ್ತೂದು, ನಮಗ ಇದೆಲ್ಲಾ ಹೊಸಾದಲ್ಲ.

ಕೆಲವು ನೋಡ್ರಿ. "ತಬೆತೆ ಮಿರು": ತಿಂದು ನೋಡು. "ತಬೆತೆ ಶಿಮೌ": ತಿಂದುಬಿಡು. "ಕೈತೆ ಒಕು": ಬರೆದಿಡು. "ಮೊತ್ತೆ ಕುರು": ತಗೊಂಡು ಬಾ. "ಕಿನೋ ಕತ್ತ ಹೊನ್": ನಿನ್ನೆ ಕೊಂಡ ಪುಸ್ತಕ. "ಅಶಿತ ಕುರು ತೊ ಇತ್ತ": ನಾಳೆ ಬರ್ತೀನಿ ಅಂತ ಹೇಳಿದ. ಪದಕ್ಕ ಪದ ಇಟ್ಟಂಗ ಕೂಡತದ. ಇಂಗ್ಲಿಷಿನಿಂದ ಹೊಂಟ್ರ ಪ್ರತಿ ವಾಕ್ಯಾನೂ ತಲಿಕೆಳಗ ಮಾಡಬೇಕಾಗ್ತದ, ನಿಮ್ಮ ವ್ಯಾಳ್ಯಾ ಅಲ್ಲೇ ಹೋಗಲಿಕತ್ತದ.

ಭಾಳ ಮಂದಿ ತಪ್ಪೂ ಜಾಗಾ ಒಂದು ಹೇಳ್ತೀನಿ. "ಕಿತೆ ಇಮಸ್" ಅಂದ್ರ ಇಂಗ್ಲಿಷ್ ಪುಸ್ತಕ ಓದಿದವರು "ಬರ್ತಾ ಇದೆ" ಅಂತ ತಿಳೀತಾರ. ಅಲ್ಲ, "ಬಂದಿದೆ", ಬಂದು ಇಲ್ಲೇ ಐತಿ. ಸ್ಯಾಂಪಲ್ ಇನ್ನೂ ಬಂದಿಲ್ಲ ಅನ್ನಾಕ "ಮದ ಕಿತೆ ಇಮಸೆನ್". ಕನ್ನಡದ "ಬಂದಿದೆ, ಬಂದಿಲ್ಲ" ಹಂಗೇ ಇಟ್ಟಂಗ ಅದ. ಮದುವಿ ಆಗೇದ ಅನ್ನಾಕ "ಕೆಕ್ಕೊನ್ ಶಿತೆ ಇಮಸ್" ಅನ್ನೂದೂ ಇದೇ ಲೆಕ್ಕ.

ಟಿಪ್ಪಣಿ ಪುಸ್ತಕದಾಗ ಅರ್ಥ ಕನ್ನಡದಾಗ ಬರೀರಿ, ಇಂಗ್ಲಿಷ್ ಬ್ಯಾಡ.

---

ಕೈವ_ಮೇಷ್ಟ್ರು ಉತ್ತರ:

ಧಾರವಾಡದವರು ಹೇಳಿದ್ದು ನಿಜ, ಆದರೆ ಆ ಹಾದಿ ಎಲ್ಲಿ ನಿಲ್ಲುತ್ತದೆ ಎನ್ನುವುದೂ ಗೊತ್ತಿರಬೇಕು. ಕನ್ನಡದಲ್ಲಿ "ಕೊಡು" ಒಂದೇ. ಜಪಾನೀಸಿನಲ್ಲಿ ನಾನು ಇನ್ನೊಬ್ಬರಿಗೆ ಕೊಟ್ಟರೆ "ಅಗೆರು", ಇನ್ನೊಬ್ಬರು ನನಗೆ ಕೊಟ್ಟರೆ "ಕುರೆರು". "ಯಮದ ಅವರು ನನಗೆ ಕೊಟ್ಟರು" ಎನ್ನುವುದಕ್ಕೆ "ಅಗೆಮಶಿತ" ಎಂದು ಹೇಳುವುದು ಕನ್ನಡಿಗರಲ್ಲಿ ತೀರಾ ಸಾಮಾನ್ಯ ತಪ್ಪು. ಇದೇ ವ್ಯತ್ಯಾಸ "ಮಾಡಿಕೊಡು" ಎನ್ನುವಲ್ಲೂ ಬರುತ್ತದೆ: ಅವರು ನಮಗೆ ಮಾಡಿಕೊಟ್ಟರೆ "ಶಿತೆ ಕುರೆರು". ಮೇಲಿನವರಿಗೆ "ನಾನು ನಿಮಗೆ ಮಾಡಿಕೊಡುತ್ತೇನೆ" ಎಂದು "ಶಿತೆ ಅಗೆಮಸ್" ಬಳಸಿದರೆ ಉಪಕಾರ ಮಾಡುತ್ತಿದ್ದೇನೆ ಎನ್ನುವ ಧ್ವನಿ ಬರುತ್ತದೆ. ಕಾಲ್‌ನಲ್ಲಿ ಅದನ್ನು ಬಿಟ್ಟುಬಿಡಿ, ಬರೀ "ಶಿಮಸ್" ಸಾಕು.

"ಬೇಕು" ಕೂಡ ಹಾಗೆಯೇ. "ನನಗೆ ಬೇಕು" ಎನ್ನುವುದು "ಹೊಶೀ". "ಅವನಿಗೆ ಬೇಕು" ಎನ್ನುವಾಗ ಅದೇ ರೂಪ ನಡೆಯುವುದಿಲ್ಲ, "ಹೊಶಿಗತ್ತೆ ಇರು" ಆಗುತ್ತದೆ. ಇನ್ನೊಬ್ಬರ ಮನಸ್ಸಿನಲ್ಲಿ ಇರುವುದನ್ನು ನಾವೇ ನೋಡಿದಂತೆ ಹೇಳುವುದಕ್ಕೆ ಆ ಭಾಷೆ ಸುಲಭವಾಗಿ ಬಿಡುವುದಿಲ್ಲ.

ಉಚ್ಚಾರಣೆಯಲ್ಲಿ ನಿಮಗೆ ದೀರ್ಘ, ಒತ್ತುಗಳ ಚಿಂತೆ ಇಲ್ಲ. ಬೇರೆ ಮೂರು ಕಡೆ ಗಮನವಿರಲಿ. "ದೆಸು", "ಮಸು" ಕೊನೆಯ ಉಕಾರವನ್ನು ಪೂರ್ತಿ ಉಚ್ಚರಿಸಬೇಡಿ. "ತ್ಸು" ಬಂದಲ್ಲಿ "ಸು" ಅನ್ನಬೇಡಿ. ಮೂರನೆಯದು ಸ್ವರದ ಏರಿಳಿತ: ಕನ್ನಡದಲ್ಲಿ ಪದದ ಅರ್ಥ ಅದನ್ನು ಅವಲಂಬಿಸಿಲ್ಲವಾದ್ದರಿಂದ ನಮ್ಮ ಕಿವಿ ಅದನ್ನು ಹಿಡಿಯುವುದೇ ಇಲ್ಲ. ಇದಕ್ಕೆ ನೆರಳಿನಂತೆ ಹಿಂಬಾಲಿಸಿ ಹೇಳುವ ಶ್ಯಾಡೋಯಿಂಗ್ ಅಭ್ಯಾಸವೇ ಮದ್ದು. ಒಂದು ನಿಮಿಷದ ಧ್ವನಿ ಸಾಕು. ಮೊದಲು ಬರಹ ನೋಡದೆ ಎರಡು ಸಲ ಕೇಳಿ. ನಂತರ ಬರಹ ನೋಡಿ ಅರ್ಥವಾಗದ್ದನ್ನು ತೀರಿಸಿಕೊಳ್ಳಿ. ನಂತರ ಬರಹ ನೋಡಿಕೊಂಡು ಧ್ವನಿಯ ಜೊತೆಜೊತೆಗೆ ಹೇಳಿ. ಕೊನೆಗೆ ಬರಹ ಮುಚ್ಚಿ, ಅರ್ಧ ಸೆಕೆಂಡ್ ಹಿಂದೆ ಇದ್ದುಕೊಂಡು ಹಿಂಬಾಲಿಸಿ, ರೆಕಾರ್ಡ್ ಮಾಡಿ, ಮೂಲದ ಪಕ್ಕದಲ್ಲಿಟ್ಟು ಕೇಳಿ. ದಿನಕ್ಕೆ 15 ನಿಮಿಷ, ಒಂದೇ ತುಣುಕು ಒಂದು ವಾರ. ದಿನಕ್ಕೊಂದು ಹೊಸ ತುಣುಕು ತೆಗೆದುಕೊಳ್ಳುವವರಿಗೆ ಏನೂ ಅಂಟುವುದಿಲ್ಲ. ಜಪಾನ್ ಫೌಂಡೇಶನ್ ಉಚಿತವಾಗಿ ಕೊಡುವ "ಇರೊದೊರಿ" ಪಠ್ಯದ ಧ್ವನಿಗಳು ಎ1, ಎ2 ಎಂಬ ಆರಂಭಿಕ ಹಂತದವು. ನಿಮ್ಮ ಹಂತಕ್ಕೆ ಅದರ ಎರಡನೇ ಎಲಿಮೆಂಟರಿ ಭಾಗ ಹೊಂದುತ್ತದೆ.

---

ಓಸಾಕಾ_ನಿವಾಸಿ ಉತ್ತರ:

ಮೂರು ತಿಂಗಳ ಪ್ರಶ್ನೆಗೆ. ಜಪಾನಿನಲ್ಲಿ ಭಾಷಾ ಶಾಲೆ ಅಂದರೆ ಎರಡು ಬೇರೆ ಜಾತಿ, ಜಾಹೀರಾತಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಒಂದು, ವಿದ್ಯಾರ್ಥಿ ವೀಸಾ ಕೊಡಿಸುವ ಶಾಲೆ. ಪ್ರವೇಶ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯಲ್ಲಿ. ಏಪ್ರಿಲಿಗೆ ಸೇರಬೇಕಾದರೆ ಹಿಂದಿನ ವರ್ಷದ ಅಕ್ಟೋಬರ್–ನವೆಂಬರಿನಲ್ಲೇ ಕಾಗದಪತ್ರ ಕೊಡಬೇಕು, ಏಕೆಂದರೆ ಶಾಲೆಯವರು ವಲಸೆ ಇಲಾಖೆಯಿಂದ ಅರ್ಹತಾ ಪ್ರಮಾಣಪತ್ರ ತರಿಸಬೇಕು, ಅದು ಬಂದ ಮೇಲೆ ನೀವು ವೀಸಾಕ್ಕೆ ಅರ್ಜಿ ಹಾಕುವುದು. ವಾರಕ್ಕೆ ಕನಿಷ್ಠ 20 ಪಾಠ, ಒಂದೊಂದು 45 ನಿಮಿಷ. ಹಾಜರಾತಿ ಬಿದ್ದರೆ ವೀಸಾ ವಿಸ್ತರಣೆ ಕಷ್ಟ. ವಾರಕ್ಕೆ 28 ಗಂಟೆ ಮಿತಿಯೊಳಗೆ ಅರೆಕಾಲಿಕ ಕೆಲಸಕ್ಕೆ ಅನುಮತಿ ಪಡೆಯಬಹುದು. ಈ ಶಾಲೆಗಳ ಬಹುಪಾಲು ಪಾಠ ಎನ್2, ಎನ್1 ಮತ್ತು ಕಾಲೇಜು ಪ್ರವೇಶಕ್ಕಾಗಿ. ಕಾಂಜಿ ಅಕ್ಷರ ಮೊದಲೇ ಗೊತ್ತಿರುವ ಚೀನಾದ ವಿದ್ಯಾರ್ಥಿಗಳು ತರಗತಿಯಲ್ಲಿ ಹೆಚ್ಚಿದ್ದರೆ ಓದುವ ವೇಗ ಅವರದಾಗಿರುತ್ತದೆ. ಭಾರತದಿಂದ ಬಂದವರು ಮಾತಿನಲ್ಲಿ ಮುಂದೆ, ಓದಿನಲ್ಲಿ ಹಿಂದೆ ಬೀಳುತ್ತಾರೆ. ಮೂರು ತಿಂಗಳಿಗೆ ಈ ದಾರಿ ನಿಮಗಲ್ಲ.

ಎರಡನೆಯದು, ಅಲ್ಪಾವಧಿ ವೀಸಾದ ಮೇಲೆ ಸೇರಿಸಿಕೊಳ್ಳುವ ಸಂಭಾಷಣೆ ಕೋರ್ಸ್. ಗರಿಷ್ಠ 90 ದಿನ, ಸಂಬಳದ ಕೆಲಸ ಮಾಡುವಂತಿಲ್ಲ. ನಿಮಗೆ ಇದು. ಸೇರುವ ಮೊದಲು ಕೇಳಬೇಕಾದ್ದು: ಅಲ್ಪಾವಧಿಯವರಿಗೆ ಬೇರೆ ತರಗತಿ ಇದೆಯೋ, ಅಥವಾ ನಡೆಯುತ್ತಿರುವ ಪರೀಕ್ಷೆ ತಯಾರಿ ತರಗತಿಯ ಹಿಂದಿನ ಬೆಂಚಿಗೆ ಹಾಕುತ್ತೀರೋ? 2024ರ ಏಪ್ರಿಲ್ 1ರಿಂದ ಜಾರಿಯಾದ ಕಾನೂನಿನಂತೆ ಶಿಕ್ಷಣ ಸಚಿವಾಲಯ ಶಾಲೆಗಳಿಗೆ ಮಾನ್ಯತೆ ಕೊಡುತ್ತಿದೆ, ಶಿಕ್ಷಕರಿಗೂ ರಾಷ್ಟ್ರೀಯ ನೋಂದಣಿ ಬಂದಿದೆ. ಹಳೆಯ ಶಾಲೆಗಳಿಗೆ ಪರಿವರ್ತನೆಯ ಅವಧಿ ಇರುವುದರಿಂದ ಮಾನ್ಯತೆ ಸಿಕ್ಕಿದೆಯೇ, ಅರ್ಜಿ ಹಂತದಲ್ಲಿದೆಯೇ ಎಂದು ನೇರವಾಗಿ ಕೇಳಿ.

ಹುಡುಕುವಾಗ ಇನ್ನೊಂದು: "ಕೈವ ಸ್ಕೂಲ್" ಎಂದು ಹುಡುಕಿದರೆ ಜಪಾನಿನವರಿಗೆ ಇಂಗ್ಲಿಷ್ ಕಲಿಸುವ "ಏಕೈವ" ಶಾಲೆಗಳೇ ಸಾಲಾಗಿ ಬರುತ್ತವೆ. "ನಿಹೊಂಗೊ" (ಜಪಾನೀಸ್ ಭಾಷೆ) ಸೇರಿಸಿ ಹುಡುಕಿ.

ಮಾತು ಬೆಳೆಯುವುದು ಅರ್ಧ ದಿನದ ಕ್ಲಾಸಿನಲ್ಲಲ್ಲ, ಉಳಿದ ಅರ್ಧ ದಿನದಲ್ಲಿ. ಟೋಕಿಯೊದ ನಿಶಿಕಸೈಯಲ್ಲಿ ಭಾರತೀಯರ ದಂಡೇ ಇದೆ, ಊಟಕ್ಕೆ ಸುಖ, ಆದರೆ ಸಂಜೆಯೆಲ್ಲ ಹಿಂದಿ, ತಮಿಳು, ಕನ್ನಡ, ಇಂಗ್ಲಿಷಿನಲ್ಲೇ ಕಳೆಯುತ್ತದೆ. ಜಪಾನಿನವರೂ ಇರುವ ಶೇರ್ ಹೌಸ್ ಹಿಡಿಯಿರಿ. ಹೆಚ್ಚಿನ ನಗರಗಳಲ್ಲಿ ಅಂತರರಾಷ್ಟ್ರೀಯ ವಿನಿಮಯ ಸಂಘದವರು, ಸ್ವಯಂಸೇವಕರು ನಡೆಸುವ ಜಪಾನೀಸ್ ತರಗತಿಗಳಿರುತ್ತವೆ. ಶುಲ್ಕ ಇಲ್ಲವೇ ಇಲ್ಲ ಅನ್ನುವಷ್ಟು. ಹೆಚ್ಚಿನ ಸ್ವಯಂಸೇವಕರು ನಿವೃತ್ತರು, ತಾಳ್ಮೆಯಿಂದ ಕೇಳುತ್ತಾರೆ. ವ್ಯಾಕರಣ ಕೇಳಲು ಅಲ್ಲಿಗೆ ಹೋಗಬೇಡಿ, ಮಾತಾಡಲು ಹೋಗಿ. ಗಂಡ ಅಥವಾ ಹೆಂಡತಿಯ ಕೆಲಸದ ಮೇಲೆ ಜಪಾನಿಗೆ ಬರುವ ಕನ್ನಡಿಗರಿಗೂ ಎಲ್ಲಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ.

ಆದರೂ ನಿಮ್ಮ ಸ್ಥಿತಿಯಲ್ಲಿ ಸಂಬಳ ಬಿಟ್ಟು ಈಗಲೇ ಬರುವುದು ಬೇಡ. ಊರಲ್ಲೇ ಆರು ತಿಂಗಳು ಬಾಯಿ ಪಳಗಿಸಿಕೊಂಡು ಬಂದರೆ 90 ದಿನದಲ್ಲಿ ಸಿಗುವುದು ಎಷ್ಟೋ ಹೆಚ್ಚು.

---

ಗೆಂಬಾ_ದುಭಾಷಿ ಉತ್ತರ:

ಹಾಗಾದ್ರೆ ಉಳಿದಿದ್ದು ಆನ್‌ಲೈನ್. ವಾರಕ್ಕೆ ಒಂದು ಗುಂಪಿನ ಕ್ಲಾಸ್, ಎರಡು ಸಲ 50 ನಿಮಿಷ ಒಬ್ಬರೇ, ಈ ಜೋಡಣೆ ನಿಮಗೆ ಹೊಂದುತ್ತೆ. ಗುಂಪಿನಲ್ಲಿ ಸರದಿ ಹಿಡಿಯೋದು ಬರುತ್ತೆ, ಒಬ್ಬರೇ ಇದ್ದಾಗ ತಿದ್ದುಪಡಿ ಸಿಗುತ್ತೆ.

ಸಮಯ ನೋಡ್ಕೊಳ್ಳಿ: ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ನಾವು ಕೆಲಸ ಮುಗಿಸಿ ರಾತ್ರಿ 8ಕ್ಕೆ ಕೂತ್ರೆ ಅಲ್ಲಿ ಹನ್ನೊಂದೂವರೆ, ಒಳ್ಳೇ ಶಿಕ್ಷಕರು ಆ ಹೊತ್ತಿಗೆ ಸಿಗಲ್ಲ. ಬೆಳಿಗ್ಗೆ 6 ಅಂದ್ರೆ ಅಲ್ಲಿ ಒಂಬತ್ತೂವರೆ. ಶಿಫ್ಟ್ ಬಸ್ ಹತ್ತೋ ಮೊದಲಿನ ಹೊತ್ತೇ ಸರಿ.

"ಫ್ರೀ ಟಾಕ್" ಅಂತ ಬುಕ್ ಮಾಡ್ಬೇಡಿ. ಪ್ರತಿಸಲ ಹೊಸ ಶಿಕ್ಷಕರು, ಪ್ರತಿಸಲ ಅದೇ ಊರು, ಅದೇ ಹವ್ಯಾಸ, ಅದೇ ಮಸಾಲೆ ದೋಸೆ. ಪರಿಚಯ ಹೇಳೋದರಲ್ಲಿ ಮಾತ್ರ ನಿಪುಣರಾಗ್ತೀರಿ. ಕಡೇಪಕ್ಷ ಎರಡು ತಿಂಗಳು ಒಬ್ಬರೇ ಶಿಕ್ಷಕರನ್ನ ಇಟ್ಕೊಳ್ಳಿ, ಹಿಂದಿನ ದಿನವೇ ವಿಷಯ ಕಳಿಸಿ. ಕಂಪನಿ ಹೆಸರು, ಭಾಗದ ಸಂಖ್ಯೆ, ಗ್ರಾಹಕರ ವಿವರ ಹಾಕ್ಬೇಡಿ, ಗೋಪ್ಯತೆ ಒಪ್ಪಂದ ಇರುತ್ತೆ. "ಒಂದು ಭಾಗದ ಮೇಲೆ ಗೀರು ಬಂದಿದೆ, 500ರಲ್ಲಿ 3" ಅಂತ ಇಷ್ಟೇ ಸಾಕು.

50 ನಿಮಿಷ ಹೀಗೆ ಹಂಚಿ: 5 ನಿಮಿಷ ಕಳೆದ ಸಲದ ತಪ್ಪುಗಳು. ಆಮೇಲೆ ಅದೇ ದೋಷದ ವಿಷಯವನ್ನ ಮೊದಲು 4 ನಿಮಿಷದಲ್ಲಿ, ಮತ್ತೆ 3ರಲ್ಲಿ, ಮತ್ತೆ 2ರಲ್ಲಿ ಹೇಳಿ. ಸಮಯ ಕಡಿಮೆ ಆದಂತೆ ಯೋಚಿಸಿ ಕಟ್ಟೋದು ಬಿಟ್ಟುಹೋಗಿ ವಾಕ್ಯ ತಾನಾಗಿ ಬರೋಕೆ ಶುರುವಾಗುತ್ತೆ. ತೀರ್ಮಾನ ಮೊದಲು, ಕಾರಣ ಆಮೇಲೆ, ಅವರ ಕಾಲ್‌ನಲ್ಲಿ ಈ ಕ್ರಮವನ್ನೇ ನಿರೀಕ್ಷಿಸ್ತಾರೆ. ಪ್ರತಿ ಸುತ್ತಿನ ನಡುವೆ ಎರಡೇ ಎರಡು ತಪ್ಪು ತಿದ್ದೋಕೆ ಹೇಳಿ. ನಂತರ 20 ನಿಮಿಷ ಶಿಕ್ಷಕರು ಗ್ರಾಹಕರಾಗಿ ಪ್ರಶ್ನೆ ಕೇಳ್ಲಿ: ಯಾವಾಗಿನಿಂದ, ಎಷ್ಟು, ಯಾರು ನೋಡಿದ್ದು, ಉಳಿದ ಸರಕು ಎಲ್ಲಿ, ಮತ್ತೆ ಆಗದಂತೆ ಏನು ಮಾಡಿದ್ರಿ. ಕೊನೇ 10 ನಿಮಿಷ ತಿದ್ದಿದ ವಾಕ್ಯಗಳನ್ನ ನೀವೇ ಪೂರ್ತಿ ಹೇಳೋದು. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ, ಆ ವಾರ ನಿಮ್ಮ ಮಾತಿನ ಎರಡು ನಿಮಿಷವನ್ನ ಮಾತ್ರ ಅಕ್ಷರಕ್ಕಿಳಿಸಿ. ಎಲ್ಲಿ ನಿಂತ್ರಿ, ಯಾವ ವಿಭಕ್ತಿ ನುಂಗಿದ್ರಿ ಅಂತ ಕಾಗದದ ಮೇಲೆ ಕಾಣುತ್ತೆ.

ನೀವು ತಡವರಿಸಿದಾಗ ಶಿಕ್ಷಕರು ಇಂಗ್ಲಿಷಿಗೆ ಜಾರಿದ್ರೆ, "ನಿಹೊಂಗೊ ದೆ ಒನೆಗೈ ಶಿಮಸ್" (ದಯವಿಟ್ಟು ಜಪಾನೀಸಿನಲ್ಲಿ) ಅನ್ನಿ. ನಿಮ್ಮ ವಾಕ್ಯವನ್ನ ಅವರೇ ಮುಗಿಸೋಕೆ ಹೊರಟ್ರೆ "ಚೊತ್ತೊ ಮತ್ತೆ ಕುದಸೈ" (ಸ್ವಲ್ಪ ತಾಳಿ) ಅಂತ ತಡೀರಿ. ದುಡ್ಡು ಕೊಟ್ಟು ಕಲೀತಿರೋ ಕಡೆ ಇದನ್ನ ಹೇಳೋಕೆ ಸಂಕೋಚ ಬೇಡ. ಆದ್ರೆ ಗ್ರಾಹಕರ ಕಾಲ್‌ನಲ್ಲಿ ಅದೇ ಮಾತು "ಶೋಶೋ ಒಮಚಿ ಕುದಸೈ" ಆಗಬೇಕು.